ಅಜ್ಜನ ಕುರ್ಚಿ, ಮೊಮ್ಮಗನ ಕೆಲಸ

ಮಂಗಳೂರಿನಿಂದ ಕಾಸರಗೋಡಿಗೆ ಹೋಗುವ ದಾರಿಯಲ್ಲಿ ತಲಪಾಡಿ ಎಂಬ ಊರಿದೆ. ಅಲ್ಲಿಗೆ ಕರ್ನಾಟಕ ಮುಗಿದು ಕೇರಳ ಶುರು. ಗಡಿಯ ಈಚೆ ಸರ್ಕಾರಿ ಶಾಲೆಯ ಕನ್ನಡ ಮೇಷ್ಟ್ರು 60 ವರ್ಷಕ್ಕೆ ನಿವೃತ್ತರಾಗುತ್ತಾರೆ. ಆಚೆ ಮಂಜೇಶ್ವರದಲ್ಲಿ ಅದೇ ಕನ್ನಡ ಕಲಿಸುವ ಮೇಷ್ಟ್ರು, 2013ರ ಏಪ್ರಿಲ್‌ಗಿಂತ ಮೊದಲು ಕೆಲಸಕ್ಕೆ ಸೇರಿದವರಾದರೆ, 56ಕ್ಕೇ ಮನೆಗೆ.

ಹಾಗಾದರೆ ಕೇರಳದವರೂ 60 ಮಾಡಿಕೊಳ್ಳಬಹುದಲ್ಲ ಅನ್ನುತ್ತೀರಾ ಮಕ್ಕಳೇ? ಮಾಡಲು ಹೋಗಿಯೇ ಗಲಾಟೆಯಾಯಿತು. 2022ರ ಅಕ್ಟೋಬರ್ ಕೊನೆಯಲ್ಲಿ ಅಲ್ಲಿಯ ಸರ್ಕಾರ ತನ್ನ ಉದ್ಯಮಗಳ ನೌಕರರಿಗೆ ನಿವೃತ್ತಿ ವಯಸ್ಸನ್ನು ಒಂದೇ ಸಮ 60 ಎಂದು ಆದೇಶ ಹೊರಡಿಸಿತು. ವಿರೋಧ ಪಕ್ಷದ ಯುವಕರು ಬೀದಿಗಿಳಿದರು. ಅದು ಬಿಡಿ, ಆಳುವ ಪಕ್ಷದ್ದೇ ಯುವ ಸಂಘಟನೆ ಡಿವೈಎಫ್‌ಐ ಕೂಡ ಒಪ್ಪುವುದಿಲ್ಲ ಎಂದಿತು. ನವೆಂಬರ್ ಮೊದಲ ವಾರದಲ್ಲೇ ಸಚಿವ ಸಂಪುಟ ಆ ಆದೇಶವನ್ನು ತಡೆಹಿಡಿಯಿತು.

ಹುಡುಗರ ಸಿಟ್ಟಿಗೆ ಕಾರಣ ಸರಳ ಲೆಕ್ಕ. ಕುರ್ಚಿಯಲ್ಲಿ ಕೂತವರು ಎರಡು ವರ್ಷ ಹೆಚ್ಚು ಕೂತರೆ ಎರಡು ವರ್ಷ ಆ ಕುರ್ಚಿ ಖಾಲಿಯಾಗುವುದಿಲ್ಲ. ಕಾಯೋಣ ಅಂದರೆ ಅದೂ ಕಷ್ಟ. ಕೇರಳದಲ್ಲಿ ಪರೀಕ್ಷೆ ಪಾಸಾದವರ ಹೆಸರು ಪಿಎಸ್‌ಸಿಯ ರ್‍ಯಾಂಕ್ ಪಟ್ಟಿ ಸೇರುತ್ತದೆ. ಅದರ ಆಯುಷ್ಯ ಹೆಚ್ಚೆಂದರೆ ಮೂರು ವರ್ಷ. ಅಷ್ಟರೊಳಗೆ ಜಾಗ ಖಾಲಿಯಾಗದಿದ್ದರೆ ಪಟ್ಟಿಯೇ ರದ್ದು, ಪುನಃ ಪರೀಕ್ಷೆ. ಅಷ್ಟರಲ್ಲಿ ಅರ್ಜಿ ಹಾಕುವ ವಯಸ್ಸೂ ಮೀರಿರುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿ ಹಾಕಿದ ಕಥೆ ನಮ್ಮ ಮಗ್ಗುಲಲ್ಲೇ ನಡೆದಿದೆ. ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ಹೋದರೆ ಆಂಧ್ರದ ಗಡಿ. ಆಚೆಯ ಅಮರಾಪುರ, ಮಡಕಶಿರಾದಲ್ಲೂ ಕನ್ನಡ ಕೇಳುತ್ತದೆ. 1983ರಲ್ಲಿ ಎನ್.ಟಿ. ರಾಮರಾವ್ ಮುಖ್ಯಮಂತ್ರಿಯಾದ ಕೆಲವೇ ವಾರಗಳಲ್ಲಿ ನಿವೃತ್ತಿ ವಯಸ್ಸನ್ನು 58ರಿಂದ 55ಕ್ಕೆ ಇಳಿಸಿದರು. ಕಾರಣ, ಯುವಕರಿಗೆ ಕೆಲಸ. ಫೆಬ್ರವರಿ 28ರಂದು 55 ದಾಟಿದ್ದ ಸಾವಿರಾರು ನೌಕರರು ಒಂದೇ ದಿನ ಮನೆಗೆ ಹೋದರು. ಮಗಳ ಮದುವೆಗೆ, ಮನೆಯ ಸಾಲಕ್ಕೆ ಇನ್ನೂ ಮೂರು ವರ್ಷದ ಸಂಬಳ ಇದೆಯೆಂದು ನಂಬಿದ್ದವರು ಅವರಲ್ಲಿ ಎಷ್ಟು ಜನ ಇದ್ದರೋ! ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ವಯಸ್ಸು ಇಳಿಸುವ ಅಧಿಕಾರ ಸರ್ಕಾರಕ್ಕೆ ಇದೆ ಎಂದು 1985ರ ಜನವರಿಯಲ್ಲಿ ತೀರ್ಪು ಬಂತು. ಅಷ್ಟರಲ್ಲಿ ಆಂಧ್ರವೇ ಮತ್ತೆ 58ಕ್ಕೆ ಮರಳಿತ್ತು. ನಡುವೆ ಮನೆಗೆ ಹೋದವರಿಗೂ ಅದರ ಪ್ರಯೋಜನ ಸಿಗಬೇಕೆಂದು ಅದೇ ವರ್ಷ ಆಗಸ್ಟಿನಲ್ಲಿ ಕೋರ್ಟ್ ಹೇಳಿತು. ಅದೇ ರಾಜ್ಯ 2014ರಲ್ಲಿ 60, 2022ರಲ್ಲಿ 62 ಮಾಡಿತು ಅನ್ನುವುದನ್ನೂ ಬರೆದಿಟ್ಟುಕೊಳ್ಳಿ.

ಆದರೆ ಅಜ್ಜ ಎದ್ದ ಕೂಡಲೇ ಆ ಕುರ್ಚಿ ಮೊಮ್ಮಗನಿಗೆ ಸಿಗುತ್ತದೆ ಎಂಬುದನ್ನು ನಾನು ಪೂರ್ತಿ ನಂಬುವುದಿಲ್ಲ. ನಾನು 60ಕ್ಕೆ ಬ್ಯಾಂಕಿನಿಂದ ಹೊರಬಂದೆ. ಹಾರ ಹಾಕಿದರು, ಫೋಟೋ ತೆಗೆದರು. ನನ್ನ ಕೌಂಟರಿಗೆ ಮಾತ್ರ ಹೊಸಬರು ಬರಲೇ ಇಲ್ಲ. ಪಕ್ಕದವರೇ ಎರಡೂ ಕೆಲಸ ಮಾಡಿದರು. ಖಾಲಿ ಜಾಗ ತುಂಬದಿದ್ದರೆ ಯಾವ ವಯಸ್ಸಿಗೆ ಎದ್ದು ಹೋದರೇನು?

ಇನ್ನು ದೂರದ ಫ್ರಾನ್ಸ್. ಅಲ್ಲಿ ಇದೇ ವಿಷಯಕ್ಕೆ ದೇಶವೇ ನಿಂತುಹೋಯಿತು. 2023ರಲ್ಲಿ ವಯಸ್ಸನ್ನು 62ರಿಂದ 64ಕ್ಕೆ ಏರಿಸಹೊರಟಾಗ, ಮಾರ್ಚ್ 7ರ ಒಂದೇ ದಿನ, ಸರ್ಕಾರದ ಲೆಕ್ಕದಲ್ಲೇ ಸುಮಾರು 12.8 ಲಕ್ಷ ಜನ ರಸ್ತೆಯಲ್ಲಿದ್ದರು. ಅಲ್ಲಿ ಈ ತಿಂಗಳು ದುಡಿಯುವವರ ಹಣದಿಂದ ಈ ತಿಂಗಳ ಪಿಂಚಣಿ ಕೊಡುತ್ತಾರೆ. 1960ರ ಸುಮಾರಿಗೆ ಒಬ್ಬ ಪಿಂಚಣಿದಾರನಿಗೆ ನಾಲ್ವರು ದುಡಿಯುವವರಿದ್ದರು. ಈಗ ಇಬ್ಬರೂ ಇಲ್ಲ. ಹಾಗಾಗಿ ಸರ್ಕಾರದ ಮಾತನ್ನೂ ತಳ್ಳಿಹಾಕುವಂತಿಲ್ಲ. ಆದರೆ ಪ್ಯಾರಿಸ್ಸಿನಲ್ಲಿ ಕಸ ಎತ್ತುವವರು ಮುಷ್ಕರ ಹೂಡಿದರು. ಅವರ ನಿವೃತ್ತಿ 57ರಿಂದ 59ಕ್ಕೆ ಹೋಗುವುದಿತ್ತು. ಬೀದಿಯಲ್ಲಿ ಸುಮಾರು 10,000 ಟನ್ ಕಸ ಬಿತ್ತು. ಲಾರಿಗೆ 10 ಟನ್ನಿನಂತೆ ಎಷ್ಟು ಲಾರಿ, ನೀವೇ ಲೆಕ್ಕ ಹಾಕಿ. ಅಧ್ಯಕ್ಷ ಮ್ಯಾಕ್ರನ್ ಅವರ ಸರ್ಕಾರ ಕೆಳಮನೆಯಲ್ಲಿ ಮತಕ್ಕೆ ಹಾಕದೆಯೇ ಕಾನೂನು ಮಾಡಿತು. ಎರಡು ವರ್ಷದ ಮೇಲೆ, 2025ರಲ್ಲಿ, ಆ ಏರಿಕೆಯನ್ನು ತಡೆಹಿಡಿಯಲು ಮುಂದಾದದ್ದೂ ಅಲ್ಲಿಯ ಸರ್ಕಾರವೇ.

ನಮ್ಮ ಕರ್ನಾಟಕದಲ್ಲಿ 2008ರಲ್ಲಿ ಸರ್ಕಾರಿ ನೌಕರರಿಗೆ 58 ಇದ್ದದ್ದು 60 ಆಯಿತು. ಈಚೆಗೆ ನೌಕರರು ಹೋರಾಡಿದ್ದು ವಯಸ್ಸಿಗಲ್ಲ, ಪಿಂಚಣಿಗೆ. 2006ರ ಏಪ್ರಿಲ್ ನಂತರ ಸೇರಿದವರಿಗೆ ಹಳೆಯ ಪಿಂಚಣಿ ಇಲ್ಲ; 2022ರ ಡಿಸೆಂಬರಿನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ಧರಣಿ ಕೂತರು.

ಪ್ಯಾರಿಸ್ಸಿನ ಕಸದವರ ಸುದ್ದಿ ಓದಿದಾಗ ನನಗೆ ನೆನಪಾದದ್ದು ನಮ್ಮ ಜಿಲ್ಲೆಯ ಜನ. ಚಿತ್ರದುರ್ಗದ ಮಂಡಿಯಲ್ಲಿ ಮೂಟೆ ಹೊರುವ ಹಮಾಲರು, ಹೊಸದುರ್ಗದಲ್ಲಿ ತೆಂಗಿನ ಮರ ಹತ್ತುವವರು, ಹೊಳಲ್ಕೆರೆಯಲ್ಲಿ ಅಡಿಕೆ ಸುಲಿಯುವ ಹೆಂಗಸರು, ಹಿರಿಯೂರಿನ ಹೊಲದಲ್ಲಿ ಈರುಳ್ಳಿ ಕೀಳುವವರು. ಕುರ್ಚಿಯಲ್ಲಿ ಕೂತು ಲೆಡ್ಜರ್ ಬರೆದ ನನ್ನಂಥವನು 62ರವರೆಗೂ ಬರೆಯಬಹುದಿತ್ತು. ಮೂಟೆ ಹೊರುವವನ ಬೆನ್ನು 50ಕ್ಕೇ ಸಾಕು ಅನ್ನುತ್ತದೆ. ಆದರೂ ಅವನಿಗೆ ಯಾರೂ ನಿವೃತ್ತಿ ವಯಸ್ಸು ಬರೆದಿಲ್ಲ. ಏರಿಸಬೇಡಿ ಎಂದು ಕೂಗಲು ಮೊದಲು ಒಂದು ವಯಸ್ಸು ಇರಬೇಕಲ್ಲ. 65 ತುಂಬಿದ ಬಡವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ. ದಿನಕ್ಕೆ 40 ರೂಪಾಯಿ. ಆ ಹಣ ಬಂದಿದೆಯೋ ಇಲ್ಲವೋ ಎಂದು ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಬರುವ ಅಜ್ಜಿಯರು ಮಧ್ಯಾಹ್ನ ಮತ್ತೆ ಅಡಿಕೆ ಸುಲಿಯಲು ಹೋಗುತ್ತಾರೆ.