ಹೋಟೆಲಿನ ಊಟವೂ ದೇಹದ ಆರೋಗ್ಯವೂ

ಆರೋಗ್ಯದ ಬಗೆಗೆ ಮಾತನಾಡುವವರೆಲ್ಲ ಮೊದಲು ಹೇಳುವುದು ಹೊರಗೆ ಉಣ್ಣಬೇಡಿ ಎಂದು. ಮಾತೇನೋ ಸರಿಯಾದುದೇ. ಆದರೆ ಅದನ್ನು ಪಾಲಿಸಲಾಗದವರ ಸಂಖ್ಯೆ ನಮ್ಮ ನಾಡಿನಲ್ಲಿ ಸಣ್ಣದಲ್ಲ. ರಾತ್ರಿಯಿಡೀ ಬಸ್ಸು ಓಡಿಸುವ ಚಾಲಕ, ಧಾರವಾಡದಲ್ಲಿ ಕೋಣೆ ಹಿಡಿದು ಪರೀಕ್ಷೆಗೆ ಓದುತ್ತಿರುವ ಹಳ್ಳಿಯ ಹುಡುಗ, ಜಿಲ್ಲಾ ಆಸ್ಪತ್ರೆಯಲ್ಲಿ ರೋಗಿಯ ಮಗ್ಗುಲಲ್ಲಿ ವಾರಗಟ್ಟಲೆ ಕುಳಿತಿರುವ ತಾಯಿ, ಔಷಧಿ ಕಂಪನಿಯ ಚೀಲ ಹೊತ್ತು ಊರೂರು ಅಲೆಯುವ ತರುಣ, ಇವರಿಗೆಲ್ಲ ಹೋಟೆಲೇ ಅಡುಗೆಮನೆ. ಇಂಥವರಿಗೆ ನಿಷೇಧವನ್ನು ಬೋಧಿಸಿ ಪ್ರಯೋಜನವಿಲ್ಲ. ಯಾವುದನ್ನು, ಎಲ್ಲಿ, ಯಾವ ಹೊತ್ತಿನಲ್ಲಿ ಉಣ್ಣಬಹುದು ಎಂಬುದನ್ನು ಕಾರಣಸಹಿತವಾಗಿ ತಿಳಿಸಿದರೆ ಉಪಕಾರವಾದೀತು. ಈ ಲೇಖಕನು ನೌಕರಿಯ ನಿಮಿತ್ತ ಮೂವತ್ತು ವರ್ಷಗಳಿಗೂ ಮೀರಿ ಬೀದರಿನಿಂದ ಚಾಮರಾಜನಗರದವರೆಗೆ ಸುತ್ತಿದವನು. ಸುತ್ತಿದಲ್ಲೆಲ್ಲ ಆಸೆಪಟ್ಟು ಉಂಡವನು. ಆದಕಾರಣ ಇಲ್ಲಿ ಹೇಳುವ ಮಾತುಗಳಲ್ಲಿ ಪುಸ್ತಕದ ಜ್ಞಾನದೊಡನೆ ನಾಲಿಗೆಯ ಸಾಕ್ಷಿಯೂ ಬೆರೆತಿದೆ.

ಹೋಟೆಲಿನ ಪದಾರ್ಥಗಳಲ್ಲಿ ನಂಬಿಕೆಗೆ ಅತ್ಯಂತ ಅರ್ಹವಾದುದು ಇಡ್ಲಿ. ಅಕ್ಕಿ, ಉದ್ದುಗಳನ್ನು ರುಬ್ಬಿದ ಹಿಟ್ಟು ರಾತ್ರಿಯಿಡೀ ಹುದುಗುವಾಗ ಲ್ಯೂಕೋನೋಸ್ಟಾಕ್ ಮೊದಲಾದ ಉಪಕಾರಿ ಸೂಕ್ಷ್ಮಜೀವಿಗಳು ಅದರಲ್ಲಿ ಬೆಳೆದು ಲ್ಯಾಕ್ಟಿಕ್ ಆಮ್ಲವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಉಂಟುಮಾಡುತ್ತವೆ. ಅನಿಲದಿಂದ ಹಿಟ್ಟು ಉಬ್ಬುತ್ತದೆ, ಹುಳಿಯಿಂದ ಕೆಡುಕಿನ ಜೀವಿಗಳ ಬೆಳವಣಿಗೆ ಕುಗ್ಗುತ್ತದೆ. ಆಮೇಲೆ ಆ ಹಿಟ್ಟು ಕುದಿಯುವ ನೀರಿನ ಹಬೆಯಲ್ಲಿ ಬೇಯುತ್ತದೆ. ಎಣ್ಣೆಯ ಸಂಪರ್ಕವೇ ಇಲ್ಲವೆನ್ನಬಹುದು. ಅಕ್ಕಿಯಲ್ಲಿ ಕೊರತೆಯಾಗಿರುವ ಲೈಸಿನ್ ಎಂಬ ಪ್ರೋಟೀನಿನ ಅಂಶವನ್ನು ಉದ್ದು ತುಂಬಿಕೊಡುತ್ತದೆ; ಉದ್ದಿನಲ್ಲಿ ಕಡಿಮೆಯಾದುದನ್ನು ಅಕ್ಕಿ ಕೊಡುತ್ತದೆ. ಹಸಿದು ಬಂದವನಿಗೆ ಹಬೆಯಾಡುವ ಎರಡು ಇಡ್ಲಿಗಿಂತ ನಿರಪಾಯವಾದ ಆಹಾರವನ್ನು ಬಸ್ ನಿಲ್ದಾಣದ ಬೀದಿಯಲ್ಲಿ ಬೇರೊಂದು ಕಾಣೆ.

ಆದರೂ ಎಲ್ಲ ಇಡ್ಲಿಯೂ ಒಂದೇ ಅಲ್ಲ. ಹಿಟ್ಟು ಹುದುಗುವವರೆಗೆ ಕಾಯುವ ತಾಳ್ಮೆಯಿಲ್ಲದ ಕಡೆ ಅಡುಗೆ ಸೋಡಾ ಸುರಿದು ಉಬ್ಬಿಸುವುದುಂಟು. ಅಂಥ ಇಡ್ಲಿಯಲ್ಲಿ ಹುಳಿಯ ಪರಿಮಳವಿರುವುದಿಲ್ಲ. ಬಿಳುಪಿನಲ್ಲಿ ತುಸು ಹಳದಿ ಸೇರಿರುತ್ತದೆ. ನಾಲಿಗೆಗೆ ಸಾಬೂನಿನಂತಹ ರುಚಿ ತಾಗುತ್ತದೆ. ಕ್ಷಾರದ ಸಂಪರ್ಕದಲ್ಲಿ ಥಯಾಮಿನ್ ಎಂಬ ಬಿ ಜೀವಸತ್ವ ನಾಶವಾಗುತ್ತದೆ. ಜೊತೆಗೆ ಸೋಡಾದಲ್ಲಿರುವ ಸೋಡಿಯಂ ರಕ್ತದ ಒತ್ತಡವುಳ್ಳವರಿಗೆ ಉಪ್ಪಿನಷ್ಟೇ ಅಹಿತ. ಇನ್ನೊಂದು ಸಂಗತಿ ಬಟ್ಟೆಯದು. ಇಡ್ಲಿ ತಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ಹಿಟ್ಟು ಹೊಯ್ಯುವುದು ಹಳೆಯ ಪದ್ಧತಿ. ಬಟ್ಟೆ ಒಗೆಯುವ ಶ್ರಮ ತಪ್ಪಿಸಲು ಕೆಲವರು ಪ್ಲಾಸ್ಟಿಕ್ ಹಾಳೆ ಹಾಸತೊಡಗಿದರು. ೨೦೨೫ರ ಆರಂಭದಲ್ಲಿ ರಾಜ್ಯದ ಆಹಾರ ಸುರಕ್ಷತಾ ಅಧಿಕಾರಿಗಳ ತಪಾಸಣೆಯಲ್ಲಿ ಇದು ಬಯಲಾಗಿ, ಸರ್ಕಾರ ಅದನ್ನು ನಿಷೇಧಿಸಿತು. ಬಿಸಿಯಾದ ಪ್ಲಾಸ್ಟಿಕ್ಕಿನಿಂದ ಹಾನಿಕರ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದು. ಇಡ್ಲಿಯ ತಳದಲ್ಲಿ ನೇಯ್ಗೆಯ ಗುರುತು ಮೂಡಿದ್ದರೆ ಬಟ್ಟೆಯ ಮೇಲೆ ಬೆಂದಿದೆಯೆಂದು ತಿಳಿಯಬಹುದು. ಎಣ್ಣೆ ಸವರಿದ ಗುಳಿಯಲ್ಲಿ ನೇರವಾಗಿ ಬೇಯಿಸಿದ್ದರೆ ಆ ಗುರುತು ಇರುವುದಿಲ್ಲ, ಅದರಲ್ಲಿ ದೋಷವೂ ಇಲ್ಲ.

ಇಡ್ಲಿಯ ಪಕ್ಕದ ಚಟ್ನಿಯ ವಿಷಯ ಬೇರೆ. ಹಸಿ ಕಾಯಿ, ಹಸಿ ನೀರು, ರುಬ್ಬುವವರ ಕೈ, ಮತ್ತೆ ಬೆಂಕಿಯ ದರ್ಶನವಿಲ್ಲ. ಬೆಳಗಿನ ಆರು ಗಂಟೆಗೆ ರುಬ್ಬಿದ ಚಟ್ನಿ ಬೇಸಗೆಯಲ್ಲಿ ಹತ್ತು ಗಂಟೆಗೆಲ್ಲ ಹುಳಿವಾಸನೆ ಹಿಡಿಯುವುದನ್ನು ಗೃಹಿಣಿಯರೆಲ್ಲ ಬಲ್ಲರು. ಅದಕ್ಕೇ ಹೊತ್ತೇರಿದ ಮೇಲೆ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ, ಒಲೆಯ ಮೇಲೆ ಕುದಿಯುತ್ತಿರುವ ಸಾಂಬಾರನ್ನು ಆಶ್ರಯಿಸುವುದು ಕ್ಷೇಮ. ಚಟ್ನಿಪ್ರಿಯರು ನನ್ನನ್ನು ಕ್ಷಮಿಸಬೇಕು.

ದೋಸೆಯ ಬಗೆಗೆ ಹೆಚ್ಚು ಹೇಳುವುದಿಲ್ಲ. ಹೇಳಹೊರಟರೆ ಲೇಖನ ಮುಗಿಯದು. ೧೯೪೩ರಿಂದ ಗಾಂಧಿಬಜಾರಿನಲ್ಲಿರುವ ವಿದ್ಯಾರ್ಥಿ ಭವನದ ಮಸಾಲೆದೋಸೆಯನ್ನಾಗಲಿ, ಹಿಟ್ಟಿಗೆ ಮಂಡಕ್ಕಿ ಸೇರಿಸಿ ರುಬ್ಬಿ, ಬೆಣ್ಣೆಯಲ್ಲಿ ಮೀಯಿಸುವ ದಾವಣಗೆರೆಯ ದೋಸೆಯನ್ನಾಗಲಿ ತಿನ್ನಬೇಡವೆನ್ನುವ ಧೈರ್ಯ ನನಗಿಲ್ಲ. ದೋಸೆಯ ಗರಿಗರಿತನ ಕೊಬ್ಬಿನಿಂದ ಬರುವುದು. ಒಳಗಿನ ಪಲ್ಯ ಆಲೂಗಡ್ಡೆಯದು. ಹಿಟ್ಟಿನ ಮೇಲೆ ಮತ್ತೆ ಪಿಷ್ಟ, ಅದರ ಮೇಲೆ ಬೆಣ್ಣೆ. ಮಧುಮೇಹಿಗಳು ಇದನ್ನು ತಿಂಡಿಯೆಂದು ಎಣಿಸದೆ ಒಂದು ಹೊತ್ತಿನ ಪೂರ್ಣ ಊಟವೆಂದೇ ಎಣಿಸಬೇಕು.

ಈಗ ಅನ್ನದ ವಿಚಾರ. ಹೋಟೆಲಿನಲ್ಲಿ ಎಣ್ಣೆಗೆ ಹೆದರುವ ಜನ ಅನ್ನಕ್ಕೆ ಹೆದರುವುದಿಲ್ಲ. ಅಪಾಯ ಅಡಗಿರುವುದು ಬಹಳ ಸಲ ಅಲ್ಲಿಯೇ. ನನ್ನ ಸೋದರಳಿಯನು ಪೊಲೀಸ್ ನೇಮಕಾತಿಯ ದೈಹಿಕ ಪರೀಕ್ಷೆಗೆಂದು ಪರಸ್ಥಳಕ್ಕೆ ಹೋಗಿದ್ದನು. ಹಿಂದಿನ ರಾತ್ರಿ ರಸ್ತೆಬದಿಯ ಒಂದು ಚಿಕ್ಕ ಹೋಟೆಲಿನಲ್ಲಿ ಫ್ರೈಡ್ ರೈಸ್ ತಿಂದನು. ಅದು ಬಾಣಲೆಯಿಂದ ತಟ್ಟೆಗೆ ಹೊಗೆಯಾಡುತ್ತಲೇ ಬಂದಿತ್ತು. ಮೂರು ಗಂಟೆ ಕಳೆಯುವಷ್ಟರಲ್ಲಿ ವಾಂತಿ ಆರಂಭವಾಗಿ ಬೆಳಗಿನವರೆಗೆ ನಿಲ್ಲಲಿಲ್ಲ. ಓಟದ ಮೈದಾನದಲ್ಲಿರಬೇಕಾದ ಹೊತ್ತಿಗೆ ಅವನು ಆಸ್ಪತ್ರೆಯ ಮಂಚದ ಮೇಲೆ ಸಲೈನ್ ಏರಿಸಿಕೊಂಡು ಮಲಗಿದ್ದನು. ವಯೋಮಿತಿ ಮೀರುವ ವರ್ಷವದು. ಮತ್ತೊಂದು ಅವಕಾಶ ಅವನಿಗೆ ಒದಗಲಿಲ್ಲ. ಬಿಸಿಯಾದುದನ್ನೇ ತಿಂದೆನಲ್ಲ ಮಾವಾ ಎಂದು ಅವನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ.

ಬೆಸಿಲಸ್ ಸಿರಿಯಸ್ ಎಂಬ ಸೂಕ್ಷ್ಮಜೀವಿಯೊಂದು ಮಣ್ಣಿನಲ್ಲಿ ವಾಸಿಸುತ್ತದೆ. ಧಾನ್ಯದೊಡನೆ ಅಡುಗೆಮನೆಗೆ ಬರುತ್ತದೆ. ಪ್ರತಿಕೂಲ ಸ್ಥಿತಿಯಲ್ಲಿ ಅದು ಗಟ್ಟಿ ಕವಚದ ಬೀಜಾಣುವಾಗಿ ಉಳಿಯುವುದರಿಂದ ಅನ್ನ ಬೇಯಿಸುವ ಶಾಖಕ್ಕೆ ಸಾಯುವುದಿಲ್ಲ. ಅನ್ನ ಬೆಂದು, ನಿಧಾನವಾಗಿ ಆರುತ್ತ, ಗಂಟೆಗಟ್ಟಲೆ ಹಾಗೆಯೇ ಬಿದ್ದಿರುವಾಗ ಆ ಬೀಜಾಣುಗಳು ಮೊಳೆತು ವೃದ್ಧಿಯಾಗುತ್ತವೆ. ವಾಂತಿಕಾರಕವಾದ ವಿಷವೊಂದನ್ನು ಅನ್ನದಲ್ಲಿಯೇ ಬಿಡುತ್ತವೆ. ಜೀವಿ ಸತ್ತರೂ ಆ ವಿಷ ಮತ್ತೆ ಬಿಸಿ ಮಾಡುವುದರಿಂದ ಅಳಿಯುವುದಿಲ್ಲ. ಫ್ರೈಡ್ ರೈಸಿಗೆ ಉದುರುದುರಾದ ಅನ್ನ ಬೇಕೆಂದು ಮಧ್ಯಾಹ್ನವೇ ಬೇಯಿಸಿ ಹರವಿಡುವುದು ಹಲವು ಹೋಟೆಲುಗಳ ರೂಢಿ. ರಾತ್ರಿ ಅದನ್ನು ಬಾಣಲೆಯಲ್ಲಿ ಹುರಿದಾಗ ಮೇಲ್ನೋಟಕ್ಕೆ ಹೊಸದಾಗಿ ಕಾಣುತ್ತದೆ. ಬೆಳಗಿನ ಚಿತ್ರಾನ್ನ, ಪುಳಿಯೋಗರೆಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಹಿಂದಿನ ರಾತ್ರಿಯ ಅನ್ನ ಹೊರಗೇ ಇದ್ದಿದ್ದರೆ ಬೆಳಗ್ಗೆ ಹಿಂಡಿದ ನಿಂಬೆಹುಳಿ ಅದನ್ನು ಶುದ್ಧಿ ಮಾಡಲಾರದು. ಸ್ಥೂಲವಾಗಿ, ಐದರಿಂದ ಅರವತ್ತು ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಸೂಕ್ಷ್ಮಜೀವಿಗಳಿಗೆ ಸುಗ್ಗಿ. ಆಹಾರ ಕೈ ಸುಡುವಷ್ಟು ಬಿಸಿಯಾಗಿರಬೇಕು, ಇಲ್ಲವೆ ಫ್ರಿಜ್ಜಿನ ತಂಪಿನಲ್ಲಿರಬೇಕು. ನಡುವಣ ಉಗುರುಬೆಚ್ಚಗೆ ನಂಬತಕ್ಕದ್ದಲ್ಲ. ಆದುದರಿಂದ ಅಪರಿಚಿತ ಊರಿನಲ್ಲಿ ಅನ್ನ ಉಣ್ಣುವುದಾದರೆ ಮಧ್ಯಾಹ್ನ ಹನ್ನೆರಡೂವರೆಯಿಂದ ಎರಡರೊಳಗೆ, ಜನ ತುಂಬಿರುವಾಗ, ಪಾತ್ರೆಯ ಮೇಲೆ ಪಾತ್ರೆ ಖಾಲಿಯಾಗುತ್ತಿರುವಾಗ ಉಣ್ಣುವುದು ಒಳಿತು. ಗಿರಾಕಿಗಳ ನೂಕುನುಗ್ಗಲು ಊಟ ತಾಜಾ ಆಗಿರುವುದಕ್ಕೆ ಒಂದು ರುಜುವಾತು.

ಈ ದೃಷ್ಟಿಯಿಂದ ನೋಡಿದರೆ ಉತ್ತರ ಕರ್ನಾಟಕದ ಖಾನಾವಳಿಯ ಊಟ ಎಷ್ಟು ವಿವೇಕದಿಂದ ಕೂಡಿದೆ! ಲಿಂಗಾಯತ ಖಾನಾವಳಿ ಎಂಬ ಫಲಕವನ್ನು ಹುಬ್ಬಳ್ಳಿ, ವಿಜಯಪುರ, ಕಲಬುರ್ಗಿಗಳಲ್ಲಿ ಮಾತ್ರವಲ್ಲದೆ ಈಗ ಬೆಂಗಳೂರಿನಲ್ಲಿಯೂ ಕಾಣುತ್ತೇವೆ. ಒಲೆಯ ಮುಂದೆ ಕುಳಿತ ತಾಯಂದಿರು ಬಡಿದ ಜೋಳದ ರೊಟ್ಟಿ ನೇರವಾಗಿ ತಾಟಿಗೆ ಬರುತ್ತದೆ. ಕಟಕ ರೊಟ್ಟಿಯಾದರೆ ತಿಂಗಳಿಟ್ಟರೂ ಕೆಡುವುದಿಲ್ಲ. ಅದರಲ್ಲಿ ನೀರಿನ ಅಂಶವೇ ಇಲ್ಲದಿರುವಾಗ ಸೂಕ್ಷ್ಮಜೀವಿ ಯಾವುದನ್ನು ಕುಡಿದು ಬದುಕಬೇಕು? ೧೦೦ ಗ್ರಾಂ ಜೋಳದಲ್ಲಿ ಸುಮಾರು ೧೦ ಗ್ರಾಂ ನಾರಿದೆ; ಪಾಲಿಶ್ ಮಾಡಿದ ಅಕ್ಕಿಯಲ್ಲಿ ೩ ಗ್ರಾಂ ಸಹ ಇಲ್ಲ. ನಾರು ಹೆಚ್ಚಿದ್ದಷ್ಟೂ ಸಕ್ಕರೆ ರಕ್ತಕ್ಕೆ ಸೇರುವ ವೇಗ ತಗ್ಗುತ್ತದೆ. ಮೊಳಕೆ ಕಾಳಿನ ಉಸಳಿ, ಪುಂಡಿಪಲ್ಯ, ಎಣ್ಣೆಗಾಯಿ, ಹಸಿ ಉಳ್ಳಾಗಡ್ಡಿ, ಶೇಂಗಾ ಹಿಂಡಿ, ಗಟ್ಟಿ ಮೊಸರು: ಒಂದೇ ತಾಟಿನಲ್ಲಿ ಧಾನ್ಯ, ಕಾಳು, ಸೊಪ್ಪು, ಎಣ್ಣೆಬೀಜ, ಹೈನು ಐದೂ ಸೇರಿವೆ. ಎರಡು ಎಚ್ಚರಿಕೆಗಳನ್ನು ಮಾತ್ರ ಹೇಳಬೇಕು. ಹಸಿಯಾಗಿ ಬಡಿಸುವ ಮೆಂತ್ಯ, ಉಳ್ಳಾಗಡ್ಡಿ ಸೊಪ್ಪುಗಳನ್ನು ಯಾವ ನೀರಿನಲ್ಲಿ ತೊಳೆದಿದ್ದಾರೆಂಬುದು ನಮಗೆ ತಿಳಿಯದು; ಮಳೆಗಾಲದಲ್ಲಿ ಅವನ್ನು ಬಿಡುವುದು ಲೇಸು. ಮತ್ತೊಂದು, ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ೫ ಗ್ರಾಂಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ. ಅದು ಒಂದು ಚಹಾ ಚಮಚೆಯಷ್ಟು. ಉಪ್ಪಿನಕಾಯಿ, ಹಪ್ಪಳ, ಹಿಂಡಿ, ಉಪ್ಪು ಹಾಕಿದ ಮಜ್ಜಿಗೆ ಎಲ್ಲವನ್ನೂ ಒಂದೇ ಊಟದಲ್ಲಿ ಮುಗಿಸಿದವರ ದಿನದ ಪಾಲು ಅಲ್ಲಿಗೇ ತೀರಬಹುದು. ರೊಟ್ಟಿ ಮುಗಿಸಿ, ಕೊನೆಗೆ ಅನ್ನವನ್ನೂ ಅಷ್ಟೇ ಪ್ರಮಾಣದಲ್ಲಿ ಉಣ್ಣುವ ಸಕ್ಕರೆ ಕಾಯಿಲೆಯವರಿಗೆ ಜೋಳದಿಂದ ದೊರೆತ ಲಾಭ ಉಳಿಯುವುದೂ ಇಲ್ಲ.

ಸಂಜೆಯ ಮಿರ್ಚಿ ಭಜಿ, ಗಿರ್ಮಿಟ್ಟುಗಳ ಹೊತ್ತಿಗೆ ಎಣ್ಣೆಯ ಪ್ರಶ್ನೆ ಏಳುತ್ತದೆ. ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಅದು ಒಡೆದು ಪೋಲಾರ್ ಸಂಯುಕ್ತಗಳೆಂಬ ಹೊಸ ವಸ್ತುಗಳು ಹುಟ್ಟುತ್ತವೆ. ಇವು ಶೇಕಡ ೨೫ನ್ನು ಮೀರಿದ ಎಣ್ಣೆಯನ್ನು ಬಳಸತಕ್ಕದ್ದಲ್ಲವೆಂದು ಭಾರತದ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ ನಿಯಮ ೨೦೧೮ರ ಜುಲೈನಿಂದ ಜಾರಿಯಲ್ಲಿದೆ. ವನಸ್ಪತಿಯ ಮೂಲಕ ಬರುವ ಟ್ರಾನ್ಸ್ ಕೊಬ್ಬಿಗೂ ೨೦೨೨ರಿಂದ ಶೇಕಡ ೨ರ ಮಿತಿಯಿದೆ. ಗಿರಾಕಿಯ ಬಳಿ ಅಳೆಯುವ ಉಪಕರಣವಿಲ್ಲ, ಕಣ್ಣು ಮೂಗುಗಳಿವೆ. ಬಾಣಲೆಯ ಎಣ್ಣೆ ಕಪ್ಪಾಗಿ, ಮಂದವಾಗಿ, ಅಂಚಿನಲ್ಲಿ ನೊರೆ ಕಟ್ಟಿ ಆರದೆ ನಿಂತಿದ್ದರೆ, ಹೊಗೆ ಕಣ್ಣುರಿಸುತ್ತಿದ್ದರೆ, ಆ ಅಂಗಡಿಯ ಮುಂದೆ ನಿಲ್ಲಬೇಕಾಗಿಲ್ಲ. ಗೋಬಿ ಮಂಚೂರಿಯ ಕಡುಗೆಂಪಿನ ಬಗೆಗೂ ಒಂದು ಮಾತು: ಬಟ್ಟೆಗೆ ಹಾಕುವ ರೋಡಮೈನ್-ಬಿ ಬಣ್ಣ ಪತ್ತೆಯಾದ ಮೇಲೆ ೨೦೨೪ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಬಾಂಬೆ ಮಿಠಾಯಿಗಳಲ್ಲಿ ಕೃತಕ ಬಣ್ಣವನ್ನು ನಿಷೇಧಿಸಿತು. ಹೂಕೋಸು ಸ್ವಭಾವತಃ ಕೆಂಪಲ್ಲ.

ಅಡುಗೆಮನೆಯನ್ನು ಮರೆಮಾಚದ ಹೋಟೆಲುಗಳೂ ನಮ್ಮಲ್ಲಿ ಹಿಂದಿನಿಂದ ಇವೆ. ೧೯೨೪ರಲ್ಲಿ ಆರಂಭವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ಯಜ್ಞನಾರಾಯಣ ಮಯ್ಯರು ೧೯೫೧ರಲ್ಲಿ ಯೂರೋಪಿಗೆ ಹೋಗಿ, ಅಲ್ಲಿನ ಹೋಟೆಲುಗಳ ಶುಚಿತ್ವವನ್ನು ಕಂಡು ಬಂದು, ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿಗೊಳಿಸುವ ಕ್ರಮವನ್ನು ತಮ್ಮಲ್ಲಿ ತಂದರು. ಗಿರಾಕಿಗಳು ಅಡುಗೆಮನೆಯನ್ನು ನೋಡಲು ಅಡ್ಡಿಮಾಡಲಿಲ್ಲ. ಮುಂಬಯಿಯ ಮಾಟುಂಗಾದಲ್ಲಿ ರಾಮ ನಾಯಕರು ೧೯೪೨ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಯೆಲೆಯ ಊಟಕ್ಕೆ ಪ್ರಸಿದ್ಧವಾಗಿದೆ. ಈಗ ಕಾನೂನೂ ಗಿರಾಕಿಯ ಪಕ್ಷದಲ್ಲಿದೆ. ಪ್ರತಿಯೊಂದು ಹೋಟೆಲೂ ತನ್ನ ಹದಿನಾಲ್ಕು ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆಯನ್ನು ಎದ್ದು ಕಾಣುವಂತೆ ತೂಗುಹಾಕಬೇಕು. ದೂರು ಕೊಡುವಾಗ ಆ ಸಂಖ್ಯೆ ಬೇಕಾಗುತ್ತದೆ. ಇವೆಲ್ಲಕ್ಕಿಂತ ಸುಲಭವಾದ ಪರೀಕ್ಷೆ ಕೈತೊಳೆಯುವ ಸ್ಥಳ. ಗಿರಾಕಿಗೆ ಕಾಣುವಲ್ಲಿಯೇ ಸಾಬೂನಿಲ್ಲದ ಹೋಟೆಲು, ಕಾಣದಲ್ಲಿ ಅದನ್ನು ಇಟ್ಟಿರುವುದೆಂಬುದು ದುರಾಸೆ.

ನೀರಿನ ವಿಷಯದಲ್ಲಿ ಕೇರಳದವರ ಪದ್ಧತಿ ಮೆಚ್ಚತಕ್ಕದ್ದು. ಅಲ್ಲಿನ ಸಾಧಾರಣ ಹೋಟೆಲಿನಲ್ಲಿಯೂ ಜೀರಿಗೆಯನ್ನೋ ಪತಿಮುಗಂ ಚಕ್ಕೆಯನ್ನೋ ಹಾಕಿ ಕುದಿಸಿದ ನೀರನ್ನು ಬಿಸಿಯಾಗಿಯೇ ಇಡುತ್ತಾರೆ. ಬೇಗ ಆರಲೆಂದು ಅದಕ್ಕೆ ತಣ್ಣೀರು ಬೆರೆಸಿದರೆ ಕುದಿಸಿದ್ದೆಲ್ಲ ವ್ಯರ್ಥ. ನಮ್ಮಲ್ಲಿಯೂ ಬಿಸಿನೀರು ಕೊಡಿ ಎಂದು ಕೇಳಿದರೆ ಇಲ್ಲವೆನ್ನುವ ಹೋಟೆಲಿನವರು ವಿರಳ.

ಇನ್ನು ಕಟ್ಟಿಸಿಕೊಂಡು ಒಯ್ಯುವವರು. ಕುದಿಯುವ ಸಾಂಬಾರನ್ನು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸುರಿದು ದಾರ ಸುತ್ತಿಕೊಡುವುದನ್ನು ದಿನವೂ ನೋಡುತ್ತೇವೆ; ಪ್ಲಾಸ್ಟಿಕ್ ಹಾಳೆಯ ಮೇಲೆ ಬೇಯಿಸಿದ ಇಡ್ಲಿಯ ದೋಷವೇ ಇಲ್ಲಿಯೂ ಇದೆ. ಆಸ್ಪತ್ರೆಗೆ ಊಟ ಒಯ್ಯುವವರು ಮನೆಯಿಂದ ಎರಡು ಸ್ಟೀಲಿನ ಡಬ್ಬಿಗಳನ್ನು ಇಟ್ಟುಕೊಂಡಿರಬೇಕು. ತಂದ ಅನ್ನವನ್ನು ಎರಡು ಗಂಟೆಯೊಳಗೆ ಉಣ್ಣಿಸಬೇಕು. ರೋಗಿ ಈಗ ಬೇಡವೆಂದರೆ ರಾತ್ರಿಗೆ ಎತ್ತಿಡದೆ, ಜೊತೆಗಿರುವವರು ಉಂಡು, ಅವರಿಗೆ ಮತ್ತೆ ಬಿಸಿಯಾದ ಇಡ್ಲಿಯನ್ನೋ ಗಂಜಿಯನ್ನೋ ತರುವುದು ಲೇಸು.