16 ಸಾವಿರದಲ್ಲಿ ಒಂದು

ಎಕ್ಸೋಮ್ ಪರೀಕ್ಷೆ ಎಂದರೆ ಡಿಎನ್‌ಎಯಲ್ಲಿ ಪ್ರೋಟೀನ್ ತಯಾರಿಕೆಯ ಸೂಚನೆಗಳಿರುವ ಭಾಗವನ್ನಷ್ಟೇ ಓದುವುದು. ಮನುಷ್ಯನ ಡಿಎನ್‌ಎಯ ಸುಮಾರು 300 ಕೋಟಿ ಅಕ್ಷರಗಳಲ್ಲಿ ಈ ಭಾಗದ ಪಾಲು ಶೇ 2ಕ್ಕಿಂತ ಕಡಿಮೆ. ಆದರೂ ಈವರೆಗೆ ಪತ್ತೆಯಾದ ಆನುವಂಶಿಕ ಕಾಯಿಲೆಗಳ ಮೂಲದೋಷ ಹೆಚ್ಚಾಗಿ ಸಿಕ್ಕಿರುವುದು ಇಲ್ಲಿಯೇ. ತುಸು ರಕ್ತ ಸಾಕು, ಓದುವುದು ಯಂತ್ರದ ಪಾಲಿನ ಕೆಲಸ. ಓದಿ ಮುಗಿದ ಮೇಲೆಯೇ ಕಷ್ಟ ಶುರುವಾಗುತ್ತದೆ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಬಾಲಕನೊಬ್ಬನ ಪ್ರಕರಣ ಇದಕ್ಕೆ ಹೆಸರಾದ ನಿದರ್ಶನ. ಎರಡು ವರ್ಷ ತುಂಬುವ ಮೊದಲೇ ಅವನ ಕರುಳಿಗೆ ವಿಪರೀತ ಉರಿಯೂತ ಹತ್ತಿತು. ಕರುಳಿನಿಂದ ಚರ್ಮದವರೆಗೂ ತೂತು ಬಿದ್ದವು. ನೂರಕ್ಕೂ ಹೆಚ್ಚು ಬಾರಿ ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗಿಬಂದರೂ ಕಾಯಿಲೆ ಯಾವುದೆಂದು ತಿಳಿಯಲಿಲ್ಲ. 2009ರಲ್ಲಿ ವಿಸ್ಕಾನ್ಸಿನ್ ವೈದ್ಯಕೀಯ ಕಾಲೇಜಿನ ತಂಡ ಅವನ ಎಕ್ಸೋಮ್ ಓದಿತು. ಮಾದರಿ ಜೀನೋಮಿಗೆ ಹೋಲಿಸಿದಾಗ ಸಿಕ್ಕ ವ್ಯತ್ಯಾಸಗಳು 16 ಸಾವಿರಕ್ಕೂ ಹೆಚ್ಚು!

ಇದರಲ್ಲಿ ಗಾಬರಿಪಡುವಂಥದ್ದೇನಿಲ್ಲ, ಆರೋಗ್ಯವಂತರಲ್ಲೂ ಇಂಥ ವ್ಯತ್ಯಾಸಗಳು ಸಾವಿರಾರು ಇರುತ್ತವೆ. ಹಾಗಾಗಿ ಇಲ್ಲಿನ ಜಾಣತನವೆಲ್ಲ ಜರಡಿ ಹಿಡಿಯುವುದರಲ್ಲಿದೆ. ಜನರಲ್ಲಿ ಸಾಮಾನ್ಯವಾಗಿರುವವು ಹೊರಗೆ, ಪ್ರೋಟೀನನ್ನು ಬದಲಿಸದವು ಹೊರಗೆ, ಕಾಯಿಲೆಯ ಸ್ವರೂಪಕ್ಕೆ ಹೊಂದದವೂ ಹೊರಗೆ. ಕೊನೆಗೆ ಉಳಿದದ್ದು ಎಕ್ಸ್ ವರ್ಣತಂತುವಿನ ಎಕ್ಸ್‌ಐಎಪಿ ಎಂಬ ಜೀನಿನ ಒಂದೇ ಒಂದು ಅಕ್ಷರ. ಅದು ಬದಲಾದ್ದರಿಂದ ಪ್ರೋಟೀನಿನ 203ನೇ ಸ್ಥಾನದಲ್ಲಿ ಸಿಸ್ಟೀನ್ ಇರಬೇಕಾದ ಕಡೆ ಟೈರೋಸಿನ್ ಬಂದು ಕೂತಿತ್ತು.

ಇದೇ ಅಪರಾಧಿ ಎನ್ನಲು ದೊರೆತ ಸಾಕ್ಷ್ಯ ಸೊಗಸಾದದ್ದು. ಇತರ ಪ್ರಾಣಿಗಳಲ್ಲಿ, ಹಣ್ಣಿನ ನೊಣದಲ್ಲೂ, ಆ ಸ್ಥಾನದಲ್ಲಿರುವುದು ಸಿಸ್ಟೀನೇ. ನೊಣದ ವಂಶವೂ ಮನುಷ್ಯನ ವಂಶವೂ ಬೇರೆಯಾಗಿ 50 ಕೋಟಿ ವರ್ಷಗಳಿಗೂ ಹೆಚ್ಚಾಗಿದೆ. ಅಷ್ಟು ಕಾಲ ಕದಲದೆ ಉಳಿದದ್ದು ಕದಲಿದರೆ ಕೇಡು ತಪ್ಪದು. ಗಂಡುಮಕ್ಕಳಿಗೆ ಎಕ್ಸ್ ವರ್ಣತಂತು ಒಂದೇ ಆದ್ದರಿಂದ ಕೆಟ್ಟ ಪ್ರತಿಗೆ ಬದಲಿಯೂ ಇರಲಿಲ್ಲ. ಜೀವಕೋಶಗಳ ಮೇಲೆ ನಡೆಸಿದ ಪ್ರಯೋಗಗಳೂ ದೋಷವನ್ನು ಖಚಿತಪಡಿಸಿದವು.

ಈ ಜೀನ್ ಕೆಟ್ಟರೆ ರೋಗನಿರೋಧಕ ವ್ಯವಸ್ಥೆ ಕೆರಳಿ ಪ್ರಾಣಕ್ಕೇ ಎರವಾಗಬಹುದೆಂಬುದು 2006ರಿಂದಲೇ ಗೊತ್ತಿತ್ತು. ಕರುಳಿನ ಕಾಯಿಲೆಗೂ ಅದಕ್ಕೂ ನಂಟಿದೆ ಎಂಬುದಷ್ಟೇ ಹೊಸದು. 2010ರಲ್ಲಿ ಬಾಲಕನಿಗೆ ಹೊಕ್ಕುಳಬಳ್ಳಿಯ ರಕ್ತದ ಆಕರಕೋಶಗಳನ್ನು ಕಸಿಮಾಡಲಾಯಿತು. ಕೆಲವು ವಾರಗಳಲ್ಲಿ ಅವನು ಬಾಯಿಂದಲೇ ಉಣ್ಣುವಂತಾದ.

‘ಮನೆತನದಲ್ಲಿ ಯಾರಿಗೂ ಇಲ್ಲದ್ದು ಜೀನಿನ ಕಾಯಿಲೆ ಹೇಗಾದೀತು?’ ಎಂಬ ವಾದ ಸಾಮಾನ್ಯ, ಆದರೆ ತಪ್ಪು. ಲಕ್ಷಣಗಳೇ ಕಾಣದ ತಂದೆ ತಾಯಿ ದೋಷದ ವಾಹಕರಾಗಿರಬಹುದು. ತಂದೆ ತಾಯಿಯಲ್ಲಿಲ್ಲದ ಹತ್ತಾರು ಹೊಸ ಬದಲಾವಣೆಗಳೂ ಪ್ರತಿ ಮಗುವಿನಲ್ಲಿರುತ್ತವೆ. ಆದ್ದರಿಂದಲೇ ಈಗ ಮೂವರ ರಕ್ತವನ್ನೂ ಒಟ್ಟಿಗೆ ಪರೀಕ್ಷಿಸುವ ರೂಢಿಯಿದೆ. ಅಕ್ಷರ ತಪ್ಪುವುದು ಹೆಚ್ಚಾಗಿ ಡಿಎನ್‌ಎ ನಕಲಾಗುವಾಗ. ಗರ್ಭಿಣಿ ಗ್ರಹಣ ನೋಡಿದ್ದಕ್ಕೂ ಪೂರ್ವಜನ್ಮದ ಪಾಪಕ್ಕೂ ಅದರಲ್ಲಿ ಪಾತ್ರವಿಲ್ಲ. ಹೀಗಿರುವಾಗ ಹೆತ್ತವಳನ್ನು ದೂರುವುದು ಅಜ್ಞಾನವಷ್ಟೇ ಅಲ್ಲ, ಕ್ರೌರ್ಯ.

ಪರೀಕ್ಷೆಗೂ ಮಿತಿಯುಂಟು. ಹಲವು ಮಕ್ಕಳಲ್ಲಿ ಉತ್ತರ ಸಿಗದು. ಸಿಕ್ಕವರಲ್ಲೂ ಎಲ್ಲರಿಗೂ ಚಿಕಿತ್ಸೆಯಿಲ್ಲ. ಆದರೂ ಕಾಯಿಲೆಯ ಹೆಸರು ತಿಳಿದರೆ ಬೇಡದ ಚಿಕಿತ್ಸೆಗಳು ನಿಲ್ಲುತ್ತವೆ, ಮುಂದಿನ ಮಗುವಿಗಿರುವ ಅಪಾಯವನ್ನು ಲೆಕ್ಕಹಾಕಬಹುದು. ಉತ್ತರ ಸಿಗದವರ ಮಾಹಿತಿಯನ್ನು ಕೆಲವು ವರ್ಷಗಳ ನಂತರ ಮತ್ತೆ ಜಾಲಾಡಿದರೆ, ಅಷ್ಟರಲ್ಲಿ ಪತ್ತೆಯಾದ ಹೊಸ ಜೀನುಗಳ ನೆರವಿನಿಂದ ಕೆಲವರ ಕಾಯಿಲೆಯ ಗುಟ್ಟು ಬಿಡುತ್ತದೆ.