ಕಿತ್ತೂರಿನ ನಾಟಕದಲ್ಲಿ ರಾಣಿಯೂ ಬಂಟನೂ

ಬೆಳಗಾವಿ ಸೀಮೆಯಲ್ಲಿ ಕಿತ್ತೂರಿನ ಕಥೆಯನ್ನು ರಂಗದ ಮೇಲೆ ಕಾಣದ ಮನೆತನಗಳು ವಿರಳ. ಊರ ಜಾತ್ರೆಯ ಆಟವಿರಲಿ, ಶಾಲೆಯ ಉತ್ಸವವಿರಲಿ, ಥ್ಯಾಕರೆಯನ್ನು ಎದುರಿಸಿ ಮಾತನಾಡುವ ರಾಣಿಗೆ ಚಪ್ಪಾಳೆ ತಪ್ಪದು. ಆದರೆ ಆಟ ಮುಗಿದು ಮನೆಗೆ ಬಂದ ಮೇಲೆ, ಇವರಿಗೆ ಇವರು ಏನಾಗಬೇಕೆಂದು ಮಕ್ಕಳು ಕೇಳಿದರೆ ಹಿರಿಯರೂ ತಡವರಿಸುವುದುಂಟು. ಆ ಪ್ರಶ್ನೆಯನ್ನೇ ಹಿಡಿದು ಪಾತ್ರಗಳನ್ನು ಕೊಂಚ ಪರಿಶೀಲಿಸೋಣ.

ಚೆನ್ನಮ್ಮನು ಬೆಳಗಾವಿಗೆ ಸಮೀಪದ ಕಾಕತಿಯ ಮಗಳು. ಮಲ್ಲಸರ್ಜನ ಕಿರಿಯ ರಾಣಿ. ಹಿರಿಯಳು ರುದ್ರಮ್ಮ. 1816ರಲ್ಲಿ ಮಲ್ಲಸರ್ಜನು ತೀರಿಕೊಳ್ಳಲು ಪಟ್ಟವೇರಿದ ಶಿವಲಿಂಗರುದ್ರಸರ್ಜನು ರುದ್ರಮ್ಮನ ಮಗ. 1824ರ ಸೆಪ್ಟೆಂಬರದಲ್ಲಿ ಅವನೂ ಸಂತಾನವಿಲ್ಲದೆ ಮಡಿದನು. ಅವನಿಗೆ ದತ್ತಕ ಬಂದ ಬಾಲಕನೇ ಶಿವಲಿಂಗಪ್ಪ. ಎಂದ ಮೇಲೆ, ಯಾವನ ಹಕ್ಕಿಗಾಗಿ ರಾಣಿಯು ಕಂಪನಿ ಸರಕಾರವನ್ನು ಎದುರುಹಾಕಿಕೊಂಡಳೋ ಅವನು ಅವಳ ಹೊಟ್ಟೆಯ ಕುಡಿಯಲ್ಲ, ಸವತಿಯ ಮಗನ ದತ್ತುಪುತ್ರ! ನಮ್ಮ ಕಥೆಗಳಲ್ಲಿ ಮಲತಾಯಿಯೆಂದರೆ ವಿಷದ ಬಟ್ಟಲು ಹಿಡಿದವಳೆಂದೇ ರೂಢಿ. ಇಲ್ಲಿಯ ಮಲತಾಯಿ ರಾಜ್ಯವನ್ನೇ ಪಣಕ್ಕಿಟ್ಟಳು. ಕಪ್ಪಕಾಣಿಕೆಯ ಮಾತಿನ ಅಬ್ಬರದಲ್ಲಿ ಈ ಸಂಬಂಧವು ಮರೆಯಾದರೆ ಪಾತ್ರದ ಅರ್ಧ ತೂಕವೇ ಹೋದಂತೆ.

ದ್ರೋಹಿಗಳೆನಿಸಿದ ಮಲ್ಲಪ್ಪಶೆಟ್ಟಿ, ವೆಂಕಟರಾಯರ ವಿಷಯ ಹೆಚ್ಚು ಹೇಳಬೇಕಾದ್ದಿಲ್ಲ. ಅಂಥ ಪಾತ್ರಗಳು ಯಾರ ಕೈಯಲ್ಲಿಯೂ ತಾವಾಗಿಯೇ ಕಳೆಗಟ್ಟುತ್ತವೆ.

ವಿಚಾರಿಸಬೇಕಾದವನು ಸಂಗೊಳ್ಳಿ ರಾಯಣ್ಣ. ಅವನು ಸಿಕ್ಕಿಬಿದ್ದ ಸುದ್ದಿ ಕೇಳಿ ಸೆರೆಯಲ್ಲಿದ್ದ ರಾಣಿಯು ಪ್ರಾಣಬಿಡುವ ದೃಶ್ಯವನ್ನು ಕಟ್ಟುವುದುಂಟು. ಕಣ್ಣೀರು ತರಿಸುವ ದೃಶ್ಯವೇ ಸರಿ. ಕಾಲಗಣನೆಗೆ ಮಾತ್ರ ಅದು ನಿಲ್ಲದು. ಥ್ಯಾಕರೆಯು ಬಿದ್ದದ್ದು 1824ರ ಅಕ್ಟೋಬರ 23ರಂದು. ಡಿಸೆಂಬರದಲ್ಲಿ ಕೋಟೆಯು ಕಂಪನಿಯ ವಶವಾಯಿತು. ಬೈಲಹೊಂಗಲದ ಸೆರೆಯಲ್ಲಿ ರಾಣಿಯು ಕಣ್ಮುಚ್ಚಿದ್ದು 1829ರ ಫೆಬ್ರವರಿಯಲ್ಲಿ. ರಾಯಣ್ಣನು ಖಾನಾಪುರ ಸೀಮೆಯ ಬೀಡಿಯಲ್ಲಿ ಸರಕಾರದ ಕಚೇರಿಗೆ ಬೆಂಕಿಯಿಟ್ಟದ್ದು 1830ರಲ್ಲಿ. ಅದೇ ಏಪ್ರಿಲದಲ್ಲಿ ಸೆರೆಸಿಕ್ಕು, 1831ರ ಜನವರಿ 26ರಂದು ನಂದಗಡದಲ್ಲಿ ಗಲ್ಲಿಗೇರಿದನು.

ಹಾಗಾದರೆ ಅಪ್ಪಣೆ ಕೊಡುವವಳೇ ಇಲ್ಲದಿರುವಾಗ ಅವನು ಕತ್ತಿ ಹಿಡಿದದ್ದು ಯಾರ ಸಲುವಾಗಿ? ಅವನು ಶೇತಸನದಿ, ಸೇವೆಗೆ ಬದಲಾಗಿ ಭೂಮಿಯನ್ನು ಉಂಬಳಿಯಾಗಿ ಉಣ್ಣುವ ಊರ ಕಾವಲಿನವನು. 1824ರಲ್ಲಿಯೇ ಕಾದಾಡಿದವನು. ಹೊಸ ಸರಕಾರವು ಅವನ ಭೂಮಿಯಲ್ಲಿ ಕೆಲವನ್ನು ಕಸಿದು, ಉಳಿದುದರ ಮೇಲೆ ತೆರಿಗೆಯನ್ನು ಏರಿಸಿತು. ತಾಯಿ ಕೆಂಚವ್ವನಿಗೆ ಊರ ಕುಲಕರ್ಣಿಯಿಂದಾದ ಅವಮಾನದ ಕಥೆಯನ್ನು ಈ ಭಾಗದ ಜನರು ಇಂದಿಗೂ ಹೇಳುತ್ತಾರೆ. ಹೊಲದ ಸಂಕಟ, ತಾಯಿಯ ಮಾನ ಇವೆರಡನ್ನೂ ತೆಗೆದುಹಾಕಿ ಬರಿಯ ಸ್ವಾಮಿಭಕ್ತಿಯೊಂದನ್ನೇ ಉಳಿಸಿದರೆ ರಾಯಣ್ಣನು ಮೀಸೆಯುಳ್ಳ ಚಿತ್ರಪಟವಾಗುವನಲ್ಲದೆ ಮನುಷ್ಯನಾಗನು. ಆದರೂ ಸ್ವಾಮಿಭಕ್ತಿಯು ಸುಳ್ಳಲ್ಲ. ಗೆದ್ದರೆ ಅವನು ಪಟ್ಟಗಟ್ಟಬೇಕೆಂದಿದ್ದುದು ಅದೇ ಬಾಲಕ ಶಿವಲಿಂಗಪ್ಪನಿಗೆ. ರಾಣಿಯು ಕೈಬಿಟ್ಟುಹೋದ ಕೂಸನ್ನು ಬಂಟನು ಹೆಗಲಿಗೇರಿಸಿಕೊಂಡನೆನ್ನಬಹುದು.

ಖಾನಾಪುರದಿಂದ ಮುಂದೆ ನಂದಗಡಕ್ಕೆ ಹೋದವರಿಗೆ ಅವನ ಸಮಾಧಿಯ ಆಲದಮರವನ್ನು ಜನರು ತೋರಿಸುತ್ತಾರೆ. ಸಂತಾನಕ್ಕಾಗಿ ಅಲ್ಲಿ ಹರಕೆ ಹೊರುವವರುಂಟು.

ಈ ವರುಷ ತಮ್ಮ ಊರಲ್ಲಿ ಈ ನಾಟಕವನ್ನು ಆಡಿಸುವವರಿಗೆ ನಮ್ಮದೊಂದು ಬಿನ್ನಹ. ಶಿವಲಿಂಗಪ್ಪನ ಪಾತ್ರಕ್ಕೆ ಕೈಗೆ ಸಿಕ್ಕ ಹುಡುಗನನ್ನು ಗೊಂಬೆಯಂತೆ ಕೂರಿಸಬೇಡಿರಿ. ನಾಲ್ಕು ಮಾತು ಬಲ್ಲ ಚುರುಕು ಹುಡುಗನನ್ನು ಆರಿಸಿರಿ. ಕೊನೆಯ ಅಂಕದಲ್ಲಿ ರಾಣಿಯ ಪೀಠ ಬರಿದಾಗಿರಲಿ, ರಾಯಣ್ಣನು ಆ ಹುಡುಗನ ಮುಖ ನೋಡಿ ಮಾತನಾಡಲಿ.